ನೂರು ಲೀಟರಿನ ಸಮುದ್ರ

ಬಿಸಿಯೂಟದ ಅಡುಗೆಯ ಅಣ್ಣಮ್ಮ ಬಾಯಿಗೆ ಹಾಕಿಕೊಂಡ ನೀರನ್ನು ಥೂ ಎಂದು ಅಂಗಳಕ್ಕೆ ಉಗಿದಳು. ಚೊಂಬಿನಲ್ಲಿ ಉಳಿದದ್ದನ್ನು ಮೂಗಿನ ಹತ್ತಿರ ತಂದು ಮೂಸಿದಳು, ನಾಲಿಗೆಯ ತುದಿಗೆ ಮತ್ತೊಮ್ಮೆ ಮುಟ್ಟಿಸಿಕೊಂಡಳು. ಆಮೇಲೆ ಶಾಲೆಯ ಜಗಲಿಯ ಮೂಲೆಯಲ್ಲಿ ಬಾಯಿತನಕ ತುಂಬಿ ನಿಂತಿದ್ದ ನೀಲಿ ಡ್ರಮ್ಮನ್ನೂ ಅದರ ಸುತ್ತ ನಿಂತಿದ್ದ ಆರನೇ ಕ್ಲಾಸಿನ ಒಂಬತ್ತು ಮಕ್ಕಳನ್ನೂ ನೋಡಿದಳು.

"ಯಾರು ಇದ್ಕೆ ಉಪ್ಪು ಹಾಕಿದ್ದು?"

ನೀರು ಕದಡುವುದಕ್ಕೆ ತಂದಿದ್ದ ಬಿದಿರಿನ ಕೋಲು ಅಣ್ಣಮ್ಮನ ಮೊಮ್ಮಗಳು ಕವನಳ ಕೈಯಲ್ಲಿತ್ತು. ಅವಳು ಅದನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು.

"ನಾನು," ಎಂದಳು ವಿಜ್ಞಾನದ ಟೀಚರ್ ಸ್ವಾತಿ. "ನಾಳೆ ವಿಜ್ಞಾನ ದಿನ ಅಲ್ವಾ ಅಕ್ಕ. ಮಾಡೆಲ್‌ಗೆ..."

"ಎಂತ ಕೆಲ್ಸ ಮಾಡಿದ್ರಿ ಟೀಚರ್ರೆ!" ಅಣ್ಣಮ್ಮನ ದನಿ ಒಡೆಯಿತು. "ಎಂಟು ಕೊಡ ಕಣ್ರೀ! ಬೆಳಕು ಹರಿಯೋಕ್ ಮುಂಚೆ ಐದು ಜನ ಹೆಂಗಸ್ರು ಗುಡ್ಡದ ಮೇಲಿಂದ ಹೊತ್ತು ತಂದಿದ್ದು. ಈಗ ಇಪ್ಪತ್ತೆಂಟು ಮಕ್ಳಿಗೆ ನಾನು ಎಂತದ್ರಲ್ಲಿ ಅನ್ನ ಬೇಯಿಸ್ಲಿ? ಈ ಉಪ್ಪಿನಕಾಯಿ ನೀರಲ್ಲಾ?"

ಸ್ವಾತಿಗೆ ಮೊದಲು ಅರ್ಥವೇ ಆಗಲಿಲ್ಲ. ನೀರು ಹೊತ್ತು ತರುವುದೇಕೆ? ಶಾಲೆಯ ಹಿಂದೆ ನಲ್ಲಿ ಇದೆ. ಮೇಲಿನ ನೇರಲಕಾನು ಎಸ್ಟೇಟಿನ ಟ್ಯಾಂಕಿನಿಂದ ಬರುವ ಆ ನಲ್ಲಿಯಲ್ಲಿ ಬೆಳಗ್ಗೆ ಒಂದು ಗಂಟೆ ನೀರು ಬಿಡುತ್ತಾರೆ. ಅದೇ ಪೈಪು ಕೆಳಗೆ ಹೋಗಿ ಕೂಲಿ ಲೈನಿನ ಹದಿನಾಲ್ಕು ಮನೆಗಳಿಗೂ ಕೊಡುತ್ತದೆ. ಅವಳು ಬಣಕಲ್‌ನಿಂದ ಬಸ್ಸು ಹಿಡಿದು, ಇಳಿದು, ಎರಡು ಕಿಲೋಮೀಟರ್ ನಡೆದು ಶಾಲೆ ಮುಟ್ಟುವ ಹೊತ್ತಿಗೆ ಆ ಒಂದು ಗಂಟೆ ಮುಗಿದು, ಡ್ರಮ್ಮು ತುಂಬಿ, ಮುಚ್ಚಳ ಬಿದ್ದಿರುತ್ತದೆ. ಅತಿಥಿ ಶಿಕ್ಷಕಿಯಾಗಿ ಬಂದ ಎಂಟು ತಿಂಗಳಲ್ಲಿ ಅವಳು ಕಂಡದ್ದು ತುಂಬಿದ ಡ್ರಮ್ಮನ್ನೇ ಹೊರತು ತುಂಬಿಸುವವರನ್ನಲ್ಲ.

"ನಲ್ಲಿ?" ಎಂದಳು.

"ನಲ್ಲಿ ನಿಂತು ಐದು ದಿವ್ಸ ಆಯ್ತು. ನೀವು ಟ್ರೈನಿಂಗಿಗೆ ಅಂತ ಮೂಡಿಗೆರೆಗೆ ಹೋದ್ರಲ್ಲ, ಅವತ್ತಿಂದ."

ಆ ಟ್ರೈನಿಂಗಿನಲ್ಲೇ ಈ ಚಟುವಟಿಕೆ ಕಲಿಸಿದ್ದರು. ಭೂಮಿಯ ನೀರೆಲ್ಲ ನೂರು ಲೀಟರ್ ಅಂದುಕೊಳ್ಳಿ. ಅದರಲ್ಲಿ ತೊಂಬತ್ತೇಳೂವರೆ ಲೀಟರ್ ಸಮುದ್ರ, ಉಪ್ಪು. ಮಿಕ್ಕ ಎರಡೂವರೆ ಲೀಟರ್ ಮಾತ್ರ ಸಿಹಿನೀರು. ಮಕ್ಕಳು ಕಣ್ಣಾರೆ ನೋಡಬೇಕು, ನಾಲಿಗೆಯಲ್ಲಿ ರುಚಿ ನೋಡಬೇಕು, ಆಗ ಜೀವಮಾನದಲ್ಲಿ ಮರೆಯುವುದಿಲ್ಲ ಎಂದಿದ್ದರು. ಸ್ವಾತಿ ಯಾವುದನ್ನೂ ಅರೆಬರೆ ಮಾಡುವವಳಲ್ಲ. ಲೀಟರಿಗೆ ಮೂವತ್ತೈದು ಗ್ರಾಮಿನಂತೆ ಲೆಕ್ಕ ಹಾಕಿ, ಬಣಕಲ್ ಅಂಗಡಿಯಲ್ಲಿ ಮೂರು ಕಿಲೋ ನಾನೂರು ಗ್ರಾಂ ಕಲ್ಲುಪ್ಪು ತೂಗಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳು. ಡ್ರಮ್ಮಿನಿಂದ ಅಳೆದು ಎರಡೂವರೆ ಲೀಟರ್ ತೆಗೆದಿಟ್ಟು, ಉಪ್ಪಿನ ಚೀಲದ ಬಾಯಿ ಬಿಚ್ಚಿದಾಗ ಕವನ ಕೇಳಿದ್ದಳು, "ಮಿಸ್, ಇದಕ್ಕೇನಾ?"

"ಹೌದು, ಇದಕ್ಕೇ," ಎಂದಿದ್ದಳು ಸ್ವಾತಿ.

ಉಪ್ಪು ಬೀಳುವಾಗ ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ಅದು ಕುತೂಹಲ ಎಂದುಕೊಂಡಿದ್ದಳು. ಮಿಸ್ ಮಾಡುವ ಕೆಲಸಕ್ಕೆ ಬೇಡ ಎನ್ನಲು ಯಾವ ಮಗುವಿಗೂ ಬಾಯಿ ಬಂದಿರಲಿಲ್ಲ, ಅಷ್ಟೆ. ಈಗ ಅದು ತಿಳಿದು ಅವಳ ಕಿವಿಯ ತುದಿಗಳು ಕಾದವು.

ಹೆಡ್‌ಮಾಸ್ಟರ್ ಪುಟ್ಟಸ್ವಾಮಿ ಕನ್ನಡಕ ಹಣೆಗೇರಿಸಿ ಆಫೀಸ್ ರೂಮಿನಿಂದ ಹೊರಗೆ ಬಂದರು. ವಿಷಯ ಕೇಳಿ, ಡ್ರಮ್ಮಿನೊಳಗೆ ಇಣುಕಿ, "ಛೆ ಛೆ, ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?" ಎಂದರು. "ಹೋಗ್ಲಿ ಬಿಡಿ, ಚೆಲ್ಬೇಡಿ. ನಾಳೆ ಎಸ್ಟೇಟ್ ಸಾಹುಕಾರ್ರು ಚೀಫ್ ಗೆಸ್ಟು. ಮಾಡೆಲ್ಲಾದ್ರೂ ಇರ್ಲಿ."

"ಮಾಡೆಲ್ ಇಟ್ಕಂಡು ನಮ್ಮ ಹೊಟ್ಟೆ ತುಂಬ್ತದಾ ಸಾರ್?" ಅಣ್ಣಮ್ಮ ಎರಡು ಕೊಡ ಎತ್ತಿ ಒಂದನ್ನು ಸ್ವಾತಿಯ ಕಡೆ ಚಾಚಿದಳು. "ಬನ್ನಿ ಟೀಚರ್ರೆ. ಹತ್ತೂವರೆಗೆ ಪೈಪ್ ಬದಲಾಯಿಸ್ತಾರೆ. ನಿಮ್ಮ ಸಮುದ್ರ ಎಲ್ಲಿಂದ ಬಂತು ಅಂತ ಒಂದ್ಸಲ ಕಣ್ಣಲ್ಲಿ ನೋಡಿ."

ದಾರಿ ಕಾಫಿ ಗಿಡಗಳ ನಡುವೆ ಏರುತ್ತಿತ್ತು. ಬಲಗಡೆ ಹಳ್ಳ. ಅಲ್ಲಿ ಕಲ್ಲುಗಳ ಮಧ್ಯೆ ಒಂದೆರಡು ಕಡೆ ಎಮ್ಮೆ ಮಲಗಿ ಎದ್ದಂಥ ಕೆಸರುಗುಂಡಿ ಬಿಟ್ಟರೆ ಏನೂ ಇರಲಿಲ್ಲ. ಇನ್ನೂ ಮೇಲಕ್ಕೆ ಹೋದಾಗ ಕಾರಣ ಕಾಣಿಸಿತು. ಮರಳು ಮೂಟೆ ಜೋಡಿಸಿ ಹಳ್ಳವನ್ನು ಅಡ್ಡ ಕಟ್ಟಿದ್ದರು. ಕಟ್ಟೆಯ ಹಿಂದೆ ನೀರು ಹಸಿರಾಗಿ, ಆಳವಾಗಿ ನಿಂತಿತ್ತು. ಸುತ್ತ ತಂತಿ ಬೇಲಿ, ಗೇಟಿಗೆ ಬೀಗ, ಒಳಗೆ ಮೋಟರಿನ ಗುಡುಗು.

"ಹಳ್ಳ ಮೇಲಿನ ಕಾಡಲ್ಲಿ ಹುಟ್ತದೆ," ಎಂದಳು ಅಣ್ಣಮ್ಮ. "ಎಸ್ಟೇಟ್ ಒಳಗೆ ಹಾದು ಹೋಗ್ತದೆ ಅಷ್ಟೆ. ಹಾದು ಹೋಗೋದೂ ತಪ್ಪಾಯ್ತು ನೋಡಿ ಅದ್ರದ್ದು. ನಮ್ಮ ನಲ್ಲಿ ಟ್ಯಾಂಕಿಗೆ ಏರಿಸ್ತಿದ್ದ ನೀರೂ ಈಗ ಗಿಡಕ್ಕೇ."

ತೋಟದ ಆರನೇ ನಂಬರ್ ಬ್ಲಾಕಿನಲ್ಲಿ ಮಳೆ ಬರುತ್ತಿತ್ತು. ಆಕಾಶದಲ್ಲಿ ಮೋಡದ ಸುಳಿವಿಲ್ಲ, ಫೆಬ್ರವರಿಯ ಬಿಸಿಲು ಕಣ್ಣಿಗೆ ಚುಚ್ಚುತ್ತಿದೆ, ಗಿಡಗಳ ನಡುವೆ ಮಾತ್ರ ಜೋರು ಮಳೆ. ಎತ್ತರದ ಕಂಬಿಗಳ ತುದಿಯಲ್ಲಿ ಜೆಟ್‌ಗಳು ಟಕಟಕ ಎಂದು ತಿರುಗುತ್ತ ನೀರನ್ನು ಬೀಸಿ ಎಸೆಯುತ್ತಿದ್ದವು. ರೊಬಸ್ಟಾ ಕಾಫಿಯ ಮೊಗ್ಗು ಅರಳಬೇಕಾದರೆ ಈಗ ಒಂದು ಇಂಚು ಮಳೆ ಬೇಕು. ಆಕಾಶ ಕೊಡದಿದ್ದರೆ ಸ್ಪ್ರಿಂಕ್ಲರ್ ಕೊಡಬೇಕು. ಸ್ವಾತಿ ಬಸ್ಸಿನ ಕಿಟಕಿಯಿಂದ ಇದನ್ನು ಎಷ್ಟೋ ಸಲ ನೋಡಿದ್ದಳು, ಚಂದ ಎಂದುಕೊಂಡಿದ್ದಳು. ಬಿಸಿಲಿಗೆ ಅದರಲ್ಲಿ ಕಾಮನಬಿಲ್ಲು ಮೂಡುತ್ತದೆ. ಈಗಲೂ ಮೂಡಿತ್ತು. ಗಿಡದ ಮೇಲೆ ಬಿದ್ದಷ್ಟೇ ನೀರು ಮಣ್ಣಿನ ರಸ್ತೆಯ ಮೇಲೆ, ಬೇಲಿಯ ಮೇಲೆ, ನೆರಳಿಗೆ ಬೆಳೆಸಿದ ಸಿಲ್ವರ್ ಮರದ ತೊಗಟೆಯ ಮೇಲೂ ಬಿದ್ದು ಹರಿದುಹೋಗುತ್ತಿತ್ತು. ರಸ್ತೆಯ ಅಂಚಿನಲ್ಲಿ ಏಳೆಂಟು ಹೆಂಗಸರು ಕೊಡ ಇಟ್ಟುಕೊಂಡು ಕಾದಿದ್ದರು. ಕೆಲಸದ ನಡುವಿನ ಕಾಫಿ ಬಿಡುವಿನಲ್ಲಿ ಓಡಿಬಂದವರು.

ಮೋಟರು ನಿಂತಿತು. ಜೆಟ್‌ಗಳು ತಲೆ ತಗ್ಗಿಸಿ, ತೊಟ್ಟಿಕ್ಕಿ, ಸುಮ್ಮನಾದವು. ಆ ನಿಶ್ಶಬ್ದದಲ್ಲಿ ಹೆಂಗಸರೆಲ್ಲ ಒಮ್ಮೆಗೇ ಎದ್ದರು.

ಸ್ಪ್ರಿಂಕ್ಲರ್ ಕೆಲಸದ ಉಮೇಶ ಮೊದಲ ಪೈಪಿನ ಕ್ಲಿಪ್ಪು ಬಿಚ್ಚಿದ. ಇಪ್ಪತ್ತಡಿ ಉದ್ದದ ಅಲ್ಯೂಮಿನಿಯಂ ಪೈಪು. ಮೋಟರ್ ನಿಂತ ಮೇಲೂ ಅದರ ಹೊಟ್ಟೆಯಲ್ಲಿ ನೀರು ಉಳಿದಿರುತ್ತದೆ; ಮುಂದಿನ ಸಾಲಿಗೆ ಹೊರುವ ಮೊದಲು ಅದನ್ನು ಚೆಲ್ಲಬೇಕು. ಆ ಚೆಲ್ಲುವ ನೀರಿಗೆ ಅವರು ಕೊಡ ಒಡ್ಡುತ್ತಿದ್ದರು. ಉಮೇಶ ಒಂದು ತುದಿಯನ್ನು ಹೆಗಲಿಗೇರಿಸಿ ಮೆಲ್ಲಗೆ ಎತ್ತಿದ. ಇನ್ನೊಂದು ತುದಿಯಿಂದ ನೀರು ಭರ್ರನೆ ಕೊಡದ ಬಾಯಿಗೆ ಬಿತ್ತು.

"ಒಂದು ಪೈಪಿಗೆ ಎರಡು ಕೊಡ," ಎಂದಳು ಅಣ್ಣಮ್ಮ. "ನಾಲ್ಕು ಪೈಪಿಗೆ ನಿಮ್ಮ ಒಂದು ಸಮುದ್ರ."

ಸ್ವಾತಿ ತನ್ನ ಕೊಡ ಒಡ್ಡಿದಳು. ಕೋನ ತಪ್ಪಿ ಅರ್ಧ ನೀರು ಅವಳ ಚೂಡಿದಾರದ ಮೇಲೆ ಬಿತ್ತು. ಪಕ್ಕದಲ್ಲಿದ್ದ ರಂಗಮ್ಮ ನಕ್ಕಳು. "ಟೀಚರ್ರು ಸ್ನಾನಕ್ಕೆ ಬಂದಿರೋದಾ?"

"ನಗಬ್ಯಾಡ್ವೇ ಮಾರಾಯ್ತಿ, ಹೊಸಬ್ರು," ಎಂದ ಉಮೇಶ, ಪೈಪನ್ನು ಒಂದು ಚೂರು ಇಳಿಸಿ ಮತ್ತೆ ಹಿಡಿಯುತ್ತ. ಸ್ವಾತಿಗೂ ಸ್ವಲ್ಪ ನಗು ಬಂತು. ಬಂದ ನಗು ಅಲ್ಲಿಗೇ ನಿಂತಿತು, ಯಾಕೆಂದರೆ ಬೈಕಿನ ಸದ್ದು ಕೇಳಿ ಎಲ್ಲರೂ ಹಿಂದೆ ಸರಿದಿದ್ದರು.

ಎಸ್ಟೇಟಿನ ರೈಟರ್ ಪ್ರಸನ್ನಕುಮಾರ್ ಬೈಕು ನಿಲ್ಲಿಸಿ ಗಡಿಯಾರ ನೋಡಿದ. ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕ ಅವನ ಕಂಕುಳಲ್ಲಿತ್ತು.

"ಹದಿನೈದು ನಿಮಿಷದ ಕೆಲ್ಸ, ಮುಕ್ಕಾಲು ಗಂಟೆ ಮಾಡ್ತಿದೀರಿ. ಮೋಟರಿಗೆ ತ್ರೀಫೇಸ್ ಕರೆಂಟ್ ಇರೋದೇ ದಿನಕ್ಕೆ ಏಳು ಗಂಟೆ. ಹೂ ಸರಿಯಾಗಿ ಬರ್ದಿದ್ರೆ ಸಾಹುಕಾರ್ರು ಕೇಳೋದು ನಿಮ್ಮನ್ನಲ್ಲ, ನನ್ನನ್ನ. ನಾಳೆಯಿಂದ ಪೈಪಿನ ಹತ್ರ ಯಾರ ಕೊಡ ಕಂಡ್ರೂ ಅವ್ರ ಅರ್ಧ ದಿನದ ಹಾಜರಿ ಕಟ್. ಮತ್ತೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

"ಹಂಗಾರೆ ನಲ್ಲಿ ಬಿಡ್ಸಿ ರೈಟ್ರೇ," ಎಂದಳು ಅಣ್ಣಮ್ಮ.

"ಹದಿನೈದಿಪ್ಪತ್ತು ದಿವ್ಸ ಅಡ್ಜಸ್ಟ್ ಮಾಡ್ಕೊಳ್ರಿ ಅಣ್ಣಮ್ಮ. ಒಂದು ಸುತ್ತು ಹೂವಾಗ್ಲಿ."

ಹದಿನೈದಿಪ್ಪತ್ತು ದಿವಸ. ಗಿಡಕ್ಕೆ ಒಂದು ದಿನ ತಡವಾದರೆ ಮೊಗ್ಗು ಕರಟುತ್ತದೆ, ಮನುಷ್ಯರು ಮಾತ್ರ ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ. ಈ ಮಾತು ಸ್ವಾತಿಗೆ ಹೊಳೆದದ್ದು ರೈಟರ ಬೈಕು ತಿರುವು ದಾಟಿದ ಮೇಲೆ. ಅವಳಿಗೆ ಯಾವಾಗಲೂ ಹಾಗೇ. ಆಡಬೇಕಾದ ಮಾತು ಆಡುವ ಹೊತ್ತು ಕಳೆದ ಮೇಲೆ ಬರುತ್ತದೆ. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಅವಳು ಎಷ್ಟೋ ಜನರನ್ನು ಮನಸ್ಸಿನೊಳಗೇ ಮಾತಿನಲ್ಲಿ ಸೋಲಿಸಿದ್ದಾಳೆ.

ಇಳಿಯುವಾಗ ಅಣ್ಣಮ್ಮನ ಸಿಟ್ಟು ಇಳಿದಿತ್ತು. ಅವಳ ತಲೆಯ ಮೇಲೊಂದು ಕೊಡ, ಸ್ವಾತಿಯ ಸೊಂಟದಲ್ಲೊಂದು. "ನಾಳೆ ಸಾವ್ಕಾರ್ರು ಬರ್ತಾರಲ್ಲ," ಎಂದಳು. "ಒಂದು ಅರ್ಜಿ ಬರ್ದು ನೀವೇ ಕೈಗೆ ಕೊಡಿ. ಜಾಸ್ತಿ ಬ್ಯಾಡ, ದಿನಕ್ಕೆ ಅರ್ಧ ಗಂಟೆ ನಲ್ಲಿ ಬಿಟ್ರೆ ಸಾಕು. ನಾವು ಕೇಳಿದ್ರೆ ಎದುರು ಮಾತಾಡಿದ್ರು ಅಂತ ಆಗ್ತದೆ. ನಾವು ಇರೋದು ಅವ್ರ ಲೈನ್ ಮನೇಲಿ. ನನ್ನ ಸೊಸೆ ಹೆಸ್ರು ಚೆಕ್‌ರೋಲಲ್ಲಿ ಉಂಟು. ನೀವಾದ್ರೆ ಓದಿದವ್ರು, ಹೊರಗಿನವ್ರು. ನಿಮ್ಮ ಮಾತಿಗೆ ಬೆಲೆ ಉಂಟು."

"ನಾನು ಹೇಳ್ತೀನಿ ಅಕ್ಕ," ಎಂದಳು ಸ್ವಾತಿ.

ಅವತ್ತು ಎರಡು ಕೊಡ ನೀರಿನಲ್ಲಿ ಅನ್ನ ಸಾರು ಆಯಿತು. ಮಕ್ಕಳು ಊಟ ಮಾಡಿ ಕೈಯನ್ನು ಡ್ರಮ್ಮಿನ ಉಪ್ಪುನೀರಿನಲ್ಲಿ ತೊಳೆದರು. ಬೆರಳು ಚಪ್ಪರಿಸಿ, "ಊಟ ಆದ್ಮೇಲೂ ಉಪ್ಪಿನಕಾಯಿ ಉಂಟು ಮಿಸ್," ಎಂದು ನಕ್ಕರು. ಮನೆಗೆ ಹೋಗಿ ಸ್ವಾತಿ ಅರ್ಜಿಯನ್ನು ನಾಲ್ಕು ಸಲ ಬರೆದಳು. ಮೊದಲನೆಯದರಲ್ಲಿ ಸಿಟ್ಟಿತ್ತು, ನಾಲ್ಕನೆಯದರಲ್ಲಿ 'ದಯಮಾಡಿ' ಮೂರು ಸಲ ಇತ್ತು. ನಾಲ್ಕನೆಯದನ್ನೇ ಮಡಿಚಿ ಬ್ಯಾಗಿಗೆ ಹಾಕಿಕೊಂಡಳು.

ಮರುದಿನ ಶಾಲೆಯ ಅಂಗಳಕ್ಕೆ ಮಾವಿನೆಲೆ ತೋರಣ ಬಂತು. ತೊಂಬತ್ತೇಳೂವರೆ ಲೀಟರಿನ ಲೆಕ್ಕ ಸರಿ ಇರಬೇಕೆಂದು, ಮಕ್ಕಳು ಕೈ ತೊಳೆದು ಕಡಿಮೆಯಾದ ಜಾಗಕ್ಕೆ ಪುಟ್ಟಸ್ವಾಮಿಯವರು ಕೆಸರುಗುಂಡಿಯ ನೀರು ಸೋಸಿ ತರಿಸಿ ಡ್ರಮ್ಮನ್ನು ಮತ್ತೆ ಬಾಯಿತನಕ ತುಂಬಿಸಿದ್ದರು. "ಚೀಫ್ ಗೆಸ್ಟ್ ಮುಂದೆ ಅರೆ ಡ್ರಮ್ ಚೆನ್ನಾಗಿರಲ್ಲ," ಎಂಬುದು ಅವರ ವಾದ. ಡ್ರಮ್ಮಿಗೆ 'ಸಮುದ್ರ' ಎಂದು ಚೀಟಿ ಅಂಟಿಸಿದ್ದರು. ಪಕ್ಕದ ಮೇಜಿನ ಮೇಲೆ ಒಂದು ದೊಡ್ಡ ಬಾಟಲಿ, ಒಂದು ಸಣ್ಣ ಬಾಟಲಿ, ಒಂದೂವರೆ ಚಮಚ ನೀರಿದ್ದ ಬಟ್ಟಲು, ಕೊನೆಗೆ ಒಂದು ಗಾಜಿನ ತಟ್ಟೆ.

ಹನ್ನೊಂದಕ್ಕೆ ಜೀಪು ಬಂತು. ಎಸ್ಟೇಟಿನ ಮಾಲೀಕ ರೇಣುಕಪ್ರಸಾದ್ ಬಿಳಿ ಅಂಗಿಯ ಎತ್ತರದ ಮನುಷ್ಯ. ಮೆತ್ತಗಿನ ಮಾತು. ಇಳಿದ ಕೂಡಲೇ ಅಣ್ಣಮ್ಮನನ್ನು ಹೆಸರು ಹಿಡಿದು ಮಾತಾಡಿಸಿದರು, ಅವಳ ಗಂಡನ ಮಂಡಿ ನೋವು ಹೇಗಿದೆ ಎಂದು ಕೇಳಿದರು. ಸ್ವಾತಿಗೆ ಅವರು ಕೆಟ್ಟವರಾಗಿ ಕಂಡಿದ್ದರೆ ಕೆಲಸ ಸುಲಭವಾಗುತ್ತಿತ್ತು. ಹಿಂದೆಯೇ ರೈಟರ್ ಪ್ರಸನ್ನಕುಮಾರ್ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ಬಂದ.

ಕವನ ಕೋಲು ಹಿಡಿದು ಹೇಳಿದಳು. ಒಂದೂ ತಪ್ಪಲಿಲ್ಲ. "ಭೂಮಿಯ ಮೇಲಿನ ನೀರೆಲ್ಲ ನೂರು ಲೀಟರ್ ಆದ್ರೆ, ಈ ಡ್ರಮ್ಮಿನಷ್ಟು ಸಮುದ್ರ. ಅದು ಉಪ್ಪು. ಈ ದೊಡ್ಡ ಬಾಟಲಿ ಮಂಜುಗಡ್ಡೆ. ಅದು ನಮ್ಗೆ ಸಿಗಲ್ಲ. ಈ ಸಣ್ಣ ಬಾಟಲಿ ನೆಲದೊಳಗಿನ ನೀರು. ಬಟ್ಟಲಲ್ಲಿರೋದು ಕೆರೆ, ಸರೋವರ, ಮಣ್ಣಿನ ತೇವ. ಈ ತಟ್ಟೆ ಮೇಲೆ ಇರೋದು ಪ್ರಪಂಚದಲ್ಲಿರೋ ಹೊಳೆ, ಹಳ್ಳ, ನದಿ ಎಲ್ಲ ಸೇರಿ."

ರೇಣುಕಪ್ರಸಾದ್ ಬಗ್ಗಿ ನೋಡಿದರು. ಗಾಜಿನ ಮೇಲೆ ನಾಲ್ಕು ಹನಿ ನಡುಗುತ್ತಿದ್ದವು.

"ಇಷ್ಟೇನಾ!" ಎಂದರು. ನಿಜಕ್ಕೂ ಆಶ್ಚರ್ಯವಾಗಿತ್ತು ಅವರಿಗೆ. "ಭೇಷ್, ಭೇಷ್. ನೋಡಿ ಮಕ್ಳೆ, ಅದಕ್ಕೇ ನೀರನ್ನ ಹಾಳು ಮಾಡ್ಬಾರ್ದು. ಬೆಳಗ್ಗೆ ಹಲ್ಲುಜ್ಜುವಾಗ ನಲ್ಲಿ ನಿಲ್ಸಿ ಉಜ್ಜಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್," ಎಂದರು ಇಪ್ಪತ್ತೆಂಟು ಮಕ್ಕಳು. ಆರು ದಿನದಿಂದ ನಲ್ಲಿಯಲ್ಲಿ ಗಾಳಿಯನ್ನಷ್ಟೇ ಕಂಡವರು.

ಪುಟ್ಟಸ್ವಾಮಿಯವರ ಕಣ್ಸನ್ನೆಯನ್ನೂ ಲೆಕ್ಕಿಸದೆ ಸ್ವಾತಿ ಮುಂದೆ ಹೋಗಿ ಅರ್ಜಿ ಚಾಚಿದಳು. "ಸಾರ್, ಒಂದು ಮಾತು... ಲೈನ್ ಮನೆಯವ್ರದ್ದು. ನೀರಿಲ್ಲ ಸಾರ್. ದಿನಕ್ಕೆ ಅರ್ಧ ಗಂಟೆ..."

"ಗಾಬರಿ ಯಾಕಮ್ಮ, ಹೇಳಿ," ಎಂದು ಅವರು ಅರ್ಜಿಯನ್ನು ಕೊನೆತನಕ ಓದಿದರು. ಓದಿ, ತಲೆಯೆತ್ತಿ, ಎದುರಿಗಿದ್ದ ಡ್ರಮ್ಮನ್ನು ನೋಡಿದರು. ಅದರ ಅಂಚಿನವರೆಗೆ ನೀರು. ಮಾವಿನ ತೋರಣದ ನೆರಳು ಅದರಲ್ಲಿ ಆಡುತ್ತಿತ್ತು.

"ನೀರಿಲ್ಲ ಅಂತೀರಿ. ಇಲ್ಲಿ ತುಂಬಿ ತುಳುಕ್ತಾ ಇದೆಯಲ್ಲ?"

"ನಾನು ಹೇಳಿರ್ಲಿಲ್ವಾ ಸಾರ್," ಎಂದ ಪ್ರಸನ್ನಕುಮಾರ್ ಹಿಂದಿನಿಂದ.

"ಅದು ಉಪ್ಪುನೀರು ಸಾರ್. ಸಮುದ್ರ."

"ಸರಿ, ಸಮುದ್ರ. ಉಪ್ಪು ಹಾಕೋಕ್ ಮುಂಚೆ ಎಂತದಾಗಿತ್ತು ಅದು?"

"ಸಿಹಿನೀರೇ ಸಾರ್. ಆದ್ರೆ..."

"ನೋಡಮ್ಮ." ಅವರು ಸಿಟ್ಟು ಮಾಡಲಿಲ್ಲ. ಮಗುವಿಗೆ ಕೂಡುವ ಲೆಕ್ಕ ಹೇಳಿಕೊಡುವ ಹಾಗೆ ಕೇಳಿದರು. "ಕುಡಿಯೋಕೆ ನೀರಿಲ್ದೆ ಇರೋರು ಯಾರಾದ್ರೂ ನೂರು ಲೀಟರ್ ನೀರಿಗೆ ಉಪ್ಪು ಸುರೀತಾರಾ?"

ಯಾರೋ ನಕ್ಕರು. ಪುಟ್ಟಸ್ವಾಮಿಯವರೂ ನಕ್ಕರು, ನಗಬೇಕಾಗಿದ್ದರಿಂದ. ಸ್ವಾತಿ ಬಾಯಿ ತೆರೆದಳು. ತಪ್ಪು ನನ್ನದು, ನನಗೆ ಗೊತ್ತಿರಲಿಲ್ಲ, ಅದು ನಿಮ್ಮ ಪೈಪಿನ ಉಳಿಕೆ ನೀರು, ಐದು ಜನ ಹೊತ್ತದ್ದು. ಇದರಲ್ಲಿ ಮೊದಲು ಯಾವುದನ್ನು ಹೇಳುವುದೆಂದು ಅವಳು ಆರಿಸುತ್ತಲೇ ಉಳಿದಳು. ಅಡುಗೆಮನೆಯ ಬಾಗಿಲಲ್ಲಿ ಅಣ್ಣಮ್ಮ ನಿಂತಿದ್ದಳು. ಅವಳು ಸ್ವಾತಿಯನ್ನು ನೋಡಲಿಲ್ಲ, ನೆಲ ನೋಡುತ್ತಿದ್ದಳು.

"ಹೂವಾಗ್ಲಿ, ಆಮೇಲೆ ನೋಡೋಣ," ಎಂದು ರೇಣುಕಪ್ರಸಾದ್ ಅರ್ಜಿಯನ್ನು ಅಂಗಿಯ ಜೇಬಿಗೆ ಇಟ್ಟುಕೊಂಡರು. ಆಮೇಲೆ ರಟ್ಟಿನ ಪೆಟ್ಟಿಗೆ ಬಿಚ್ಚಿ ಮಕ್ಕಳಿಗೆ ಬಹುಮಾನ ಹಂಚಿದರು. ಎಲ್ಲರಿಗೂ ಒಂದೊಂದು ಹಸಿರು ಬಣ್ಣದ ನೀರಿನ ಬಾಟಲಿ, ಮೇಲೆ ನೇರಲಕಾನು ಎಸ್ಟೇಟ್ ಎಂಬ ಅಚ್ಚು. ಖಾಲಿ ಬಾಟಲಿಗಳು ಮಕ್ಕಳ ಕೈಯಲ್ಲಿ ಟೊಳ್ಳು ಟೊಳ್ಳಾಗಿ ಸದ್ದು ಮಾಡಿದವು.

ಜೀಪು ಹೋಯಿತು. ಪುಟ್ಟಸ್ವಾಮಿಯವರು ಸ್ವಾತಿಯನ್ನು ಪಕ್ಕಕ್ಕೆ ಕರೆದು, "ನಿಮ್ಮ ಮುಂದಿನ ವರ್ಷದ ನೇಮಕದ ಆರ್ಡರ್ ಬಗ್ಗೆ ಸ್ವಲ್ಪ ಯೋಚ್ನೆ ಮಾಡಿ ಮಿಸ್. ಒಳ್ಳೇವ್ರ ಹತ್ರ ನಿಷ್ಠುರ ಯಾಕೆ?" ಎಂದರು. ಅವಳು ತಲೆಯಾಡಿಸಿದಳು. ಡ್ರಮ್ಮಿನ ಹತ್ತಿರ ಹೋಗಿ ನಿಂತಳು. ತನ್ನ ಒಂದು ತಪ್ಪು ಅವರ ಕೈಯಲ್ಲಿ ಎಷ್ಟು ಚೆನ್ನಾದ ಸಾಕ್ಷಿಯಾಗಿಬಿಟ್ಟಿತು! ಮೂರು ಕಿಲೋ ನಾನೂರು ಗ್ರಾಂ. ಒಂದು ಗ್ರಾಮೂ ಹೆಚ್ಚುಕಡಿಮೆ ಇಲ್ಲದೆ ತೂಗಿ ತಂದು ಕೊಟ್ಟ ಸಾಕ್ಷಿ. ತುಂಬಿದ ಡ್ರಮ್ಮನ್ನು ಆ ಮನುಷ್ಯ ನೋಡಿದ, ರುಚಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ ಅವನಿಗೆ.

"ಅಕ್ಕ," ಎಂದಳು ಅಡುಗೆಮನೆಯ ಬಾಗಿಲಿಗೆ ಬಂದು. "ಪೈಪ್ ಮತ್ತೆ ಎಷ್ಟೊತ್ತಿಗೆ ಬದಲಾಯಿಸ್ತಾರೆ?"

"ಒಂದೂವರೆಗೆ," ಎಂದಳು ಅಣ್ಣಮ್ಮ ತಿರುಗದೆ. "ಹೋಗೋ ಹಂಗಿಲ್ಲ ಅಂತ ನಿನ್ನೆ ಹೇಳ್ಲಿಲ್ವಾ ರೈಟ್ರು?"

"ಕೊಡ ಕೊಡಿ."

ಅಣ್ಣಮ್ಮ ಆಗ ತಿರುಗಿದಳು.

ಮೇಲೆ ಆರನೇ ಬ್ಲಾಕಿನ ರಸ್ತೆಯಲ್ಲಿ ಕೊಡಗಳು ಆಗಲೇ ಸಾಲಾಗಿ ಕೂತಿದ್ದವು. ಸ್ಟೀಲಿನವು, ಪ್ಲಾಸ್ಟಿಕ್ಕಿನವು, ಒಂದು ನೆಗ್ಗಿದ ತಾಮ್ರದ್ದು. ಊಟದ ಹೊತ್ತು ಎಂದು ಹೆಂಗಸರು ಧೈರ್ಯ ಮಾಡಿ ಇಟ್ಟಿದ್ದರು. ಆದರೆ ಪ್ರಸನ್ನಕುಮಾರ್ ಅವರಿಗಿಂತ ಮೊದಲೇ ಲೆಕ್ಕ ಹಾಕಿ ಬಂದಿದ್ದ. ಈಗ ಅವರೆಲ್ಲ ಸಿಲ್ವರ್ ಮರದ ನೆರಳಿಗೆ ಸರಿದು, ಬುತ್ತಿ ಬಿಚ್ಚದೆ, ಕೊಡಗಳಿಗೂ ತಮಗೂ ಗುರುತೇ ಇಲ್ಲದವರ ಹಾಗೆ ನಿಂತಿದ್ದರು. ಮೋಟರ್ ನಿಂತಿತ್ತು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಐದಾರು ದಿನದ ಹಿಂದೆ ಮೊದಲು ನೀರು ಕಂಡ ಕೆಳಗಿನ ಸಾಲುಗಳಲ್ಲಿ ಮೊಗ್ಗು ಬಿಳಿಚಿಕೊಂಡು ಬಾತಿದ್ದವು, ಇನ್ನೆರಡು ದಿನಕ್ಕೆ ಬಿರಿಯುವಂತೆ.

ಪ್ರಸನ್ನಕುಮಾರ್ ಚೆಕ್‌ರೋಲ್ ಬಿಚ್ಚಿ ಪೆನ್ನು ತೆಗೆದಿದ್ದ. "ಯಾರ ಕೊಡ ಇವು? ಒಬ್ಬೊಬ್ರಾಗಿ ಹೇಳಿ."

ರಂಗಮ್ಮ ತನ್ನ ಬುತ್ತಿಯ ಗಂಟನ್ನು ಇನ್ನೊಮ್ಮೆ ಬಿಗಿದಳು.

"ಯಾರದ್ದೂ ಅಲ್ವಾ? ಒಳ್ಳೇದಾಯ್ತು. ಉಮೇಶ, ಎಲ್ಲಾ ಎತ್ತಿ ಟ್ರ್ಯಾಕ್ಟರಿಗೆ ಹಾಕು. ಗೋಡೌನಿಗೆ ಹೋಗ್ಲಿ."

ಉಮೇಶ ಪೈಪಿನ ಕ್ಲಿಪ್ಪಿನ ಹತ್ತಿರ ಕೂತವನು ಎದ್ದ ಹಾಗೆ ಮಾಡಿ ಮತ್ತೆ ಕೂತ. "ಕ್ಲಿಪ್ ಜಾಮ್ ಆಗೈತಿ ಸಾರ್," ಎಂದ.

"ನಂದು," ಎಂದಳು ಸ್ವಾತಿ.

ಏರಿ ಬಂದ ಏದುಸಿರಿಗೆ ಮಾತು ಚಿಕ್ಕದಾಗಿ ಬಂತು. ಪ್ರಸನ್ನಕುಮಾರ್ ತಿರುಗಿದ. ಅವಳು ಸೊಂಟದಲ್ಲಿದ್ದ ಅಣ್ಣಮ್ಮನ ಕೊಡವನ್ನು ಸಾಲಿನ ತುದಿಗೆ ಇಟ್ಟು, ಇನ್ನೊಂದು ಸಲ ಹೇಳಿದಳು. "ಈ ಕೊಡ ನಂದು."

"ಟೀಚರ್, ನಿಮ್ಗೆ ಯಾಕೆ ಇವೆಲ್ಲ? ಶಾಲೆ ಕೊಡ ಒಂದು ತುಂಬ್ಸಿಕೊಂಡು ಹೋಗಿ, ನಾನು ಬೇಡ ಅನ್ನಲ್ಲ. ಉಳಿದವು..."

"ಉಳಿದವೂ ನಂದೇ."

ಮರದ ನೆರಳಿನಲ್ಲಿ ಯಾರದೋ ಬಳೆ ಸದ್ದಾಯಿತು. ಪ್ರಸನ್ನಕುಮಾರ್ ಸಾಲನ್ನು ನೋಡಿದ, ಅವಳನ್ನು ನೋಡಿದ. ಚಪ್ಪಲಿಯ ತುದಿಯಿಂದ ಒಂದು ಕೊಡ ಮುಟ್ಟಿದ. "ಇದೂನಾ?"

"ಅದೂ."

"ಇದು?"

"ಅದೂ ನಂದೇ."

ಅವನು ಬಗ್ಗಿ ಸ್ಟೀಲಿನ ಕೊಡವೊಂದನ್ನು ಎತ್ತಿ ಕಂಠದ ಮೇಲೆ ಕೊರೆದಿದ್ದ ಅಕ್ಷರ ಓದಿದ. "ಇದ್ರ ಮೇಲೆ ರಂಗಮ್ಮ ಅಂತ ಇದೆಯಲ್ರೀ."

"ಇರ್ಲಿ. ನಂದೇ."

"ಟೀಚರ್ ಆಗಿ ಸುಳ್ಳು ಹೇಳ್ತೀರಾ?"

"ನಿನ್ನೆ ಎಂಟು ಕೊಡ ನೀರು ಕೆಡಿಸಿದ್ದು ನಾನು. ಅದನ್ನ ತುಂಬಿಸಿ ಕೊಡ್ಬೇಕಾದ್ದೂ ನಾನೇ." ಮಾತು ಈ ಸಲ ಬಸ್ಸಿಗೆ ಕಾಯಲಿಲ್ಲ. "ನೀರಿಲ್ದೆ ಇರೋರು ಉಪ್ಪು ಸುರೀತಾರಾ ಅಂತ ಕೇಳಿದ್ರಲ್ಲ ನಿಮ್ಮ ಸಾಹುಕಾರ್ರು? ನೀರಿದೆ ಅಂದ್ಕೊಂಡವ್ಳು ಸುರಿದಳು ಅಂತ ಹೇಳಿ. ನಲ್ಲಿ ನಿಲ್ಸಿದ್ದು ನನಗೆ ಗೊತ್ತಿರ್ಲಿಲ್ಲ ಅಂತ ಹೇಳಿ. ಈಗ ಗೊತ್ತಾಗಿದೆ ಅಂತಾನೂ ಹೇಳಿ. ಹೆಸರು ಬರ್ಕೊಳ್ಳಿ, ಸ್ವಾತಿ. ಅರ್ಧ ದಿನದ್ದು ಕಟ್ ಮಾಡ್ತೀರೋ ಪೂರ್ತಿ ದಿನದ್ದೋ, ಮಾಡಿ."

ಪ್ರಸನ್ನಕುಮಾರ್ ಪೆನ್ನನ್ನು ಪುಸ್ತಕದ ಮೇಲೆ ಇಟ್ಟ. ಒಂದು ಹಾಳೆ ತಿರುಗಿಸಿದ, ಇನ್ನೊಂದು ತಿರುಗಿಸಿದ. ಪುಸ್ತಕದ ಎಲ್ಲ ಸಾಲುಗಳಲ್ಲೂ ಹೆಸರುಗಳಿದ್ದವು, ಅವಳದ್ದು ಎಲ್ಲೂ ಇರಲಿಲ್ಲ. ಪೆನ್ನು ಅಂಚಿನ ಖಾಲಿ ಜಾಗದ ಮೇಲೆ ಸ್ವಲ್ಪ ಹೊತ್ತು ನಿಂತಿತು.

ಕವನ ಯಾವಾಗ ಹಿಂದೆ ಬಂದಳೋ, ಸಾಲಿನ ಕೊನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ತನ್ನ ಹಸಿರು ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು ಕೊಡಗಳ ಪಕ್ಕ ಇಟ್ಟಳು.

"ಇದ್ರ ಮೇಲೆ ಎಸ್ಟೇಟ್ ಹೆಸರೇ ಇದೆ," ಎಂದ ಪ್ರಸನ್ನಕುಮಾರ್. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಅದೂ ನಂದೇ," ಎಂದಳು ಸ್ವಾತಿ.

ಉಮೇಶನ ಕ್ಲಿಪ್ಪು ಟಕ್ ಎಂದು ಬಿಚ್ಚಿಕೊಂಡಿತು. ಅವನು ಯಾರ ಮುಖವನ್ನೂ ನೋಡದೆ ಪೈಪಿನ ತುದಿಯನ್ನು ಹೆಗಲಿಗೆ ಏರಿಸಿ, ಬೇಕಾದ್ದಕ್ಕಿಂತ ನಿಧಾನವಾಗಿ ಎದ್ದು ನಿಂತ. ಸ್ವಾತಿ ರಂಗಮ್ಮನ ಕೊಡವನ್ನು ಎರಡು ಕೈಯಲ್ಲೂ ಹಿಡಿದು ಈ ಸಲ ಸರಿಯಾದ ಕೋನಕ್ಕೆ ಓರೆ ಮಾಡಿದಳು. ನೀರು ಮೊದಲು ಸ್ಟೀಲಿನ ತಳಕ್ಕೆ ಗಣಗಣ ಬಡಿಯಿತು, ಆಮೇಲೆ ದನಿ ದಪ್ಪವಾಯಿತು, ಆಮೇಲೆ ಇನ್ನೂ ದಪ್ಪವಾಗಿ ಕಂಠದವರೆಗೆ ಏರಿತು. ಮರದ ನೆರಳಿನಿಂದ ಯಾರೋ ಬರಿಗಾಲಲ್ಲಿ ಬಂದು ಮುಂದಿನ ಕೊಡವನ್ನು ಅವಳ ಹತ್ತಿರಕ್ಕೆ ಸರಿಸಿದರು.